ಹನ್ನೊಂದು ಕೆಲಸಗಳ ಪಟ್ಟಿ

ಇವರು ನನ್ನ ಬಳಿ ಸಮಾಲೋಚನೆಗೆ ಬಂದದ್ದು ನಿದ್ದೆ ಬರ್ತಿಲ್ಲ ಅಂತ. ಕೆಲಸ ಸಿಗ್ತಿಲ್ಲ ಅಂತ ಅಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. 'ವಿ' ಅಂತ ಕರೆಯೋಣ. ವಯಸ್ಸು 35ರ ಆಸುಪಾಸು. ವಿಡಿಯೊ ಎಡಿಟರ್. ನೌಕರಿ ಬಿಟ್ಟು ಫ್ರೀಲ್ಯಾನ್ಸರ್ ಆಗಿ ಎರಡು ವರ್ಷ ಆಗಿತ್ತು.

ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಕೈ ಮೊಬೈಲಿಗೆ ಹೋಗುತ್ತದೆ. ದೂರದ ದೇಶದಲ್ಲಿ ಯಾರಾದರೂ ಆ ಹೊತ್ತಿಗೆ ಆನ್‌ಲೈನ್ ವೇದಿಕೆಯಲ್ಲಿ ಕೆಲಸ ಹಾಕಿದ್ದರೆ ಮೊದಲ ಪ್ರಪೋಸಲ್ (ಈ ಕೆಲಸ ನಾನು ಮಾಡಿಕೊಡುತ್ತೇನೆ ಅನ್ನುವ ಅರ್ಜಿ) ತಮ್ಮದೇ ಆಗಿರಬೇಕು ಅನ್ನುವ ಆಸೆ. ನಾಲ್ಕು ತಿಂಗಳಲ್ಲಿ 140 ಪ್ರಪೋಸಲ್ ಕಳಿಸಿದ್ದರು. ಉತ್ತರ ಬಂದದ್ದು 9ಕ್ಕೆ. ಕೆಲಸ ಸಿಕ್ಕಿದ್ದು ಒಂದು. ಈ ನಡುವೆ ಮೂರು ಸಲ ರೇಟು ಇಳಿಸಿದ್ದರು. "ಮೇಡಂ, ಅರ್ಧ ರೇಟಿಗೆ ಮಾಡೋರು ಸಾವಿರ ಜನ ಇದ್ದಾರೆ. ನಾನೇ ಇದಕ್ಕೆ ಲಾಯಕ್ಕಿಲ್ಲ ಅನ್ಸುತ್ತೆ" ಅಂದರು.

ಮೊದಲ ಎರಡು ಭೇಟಿಯನ್ನು ನಾನು ನಿದ್ದೆಯ ಮೇಲೇ ಕಳೆದೆ. ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಿ, ಸಂಜೆ ಕಾಫಿ ಬಿಡಿ, ಇತ್ಯಾದಿ. ಅವರು ತಲೆಯಾಡಿಸಿದರು, ಏನೂ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅಂತ ಆಮೇಲೆ ಹೊಳೆಯಿತು. ಅವರ ಲೆಕ್ಕದಲ್ಲಿ ಅದು ರಾತ್ರಿ ಪಾಳಿ. ಡ್ಯೂಟಿ ಮೇಲಿರುವವರಿಗೆ ಮಲಗಿ ಅಂದರೆ ಮಲಗುತ್ತಾರೆಯೇ?

ಮೂರನೇ ಭೇಟಿಯಲ್ಲಿ ಒಂದು ಹಾಳೆ ಕೊಟ್ಟೆ. ಎರಡು ವರ್ಷದಲ್ಲಿ ದುಡ್ಡು ಬಂದ ಪ್ರತಿಯೊಂದು ಕೆಲಸವನ್ನೂ ಬರೆಯಿರಿ, ಪಕ್ಕದಲ್ಲಿ ಅದು ಹೇಗೆ ಬಂತು ಅಂತಲೂ ಬರೆಯಿರಿ ಅಂದೆ. ಒಟ್ಟು 11 ಆಯಿತು. 3 ಆನ್‌ಲೈನ್ ವೇದಿಕೆಯಿಂದ ಬಂದಿದ್ದವು. 8 ಗುರುತಿನವರಿಂದ: ಹಳೇ ಆಫೀಸಿನವರು, ಅವರು ಹೇಳಿ ಕಳಿಸಿದವರು. ಹಾಳೆಯನ್ನು ಅವರೇ ಸುಮಾರು ಹೊತ್ತು ನೋಡಿದರು. ದಿನದ ಆರೇಳು ಗಂಟೆ ಹೋಗುತ್ತಿದ್ದದ್ದು ಆ 3ರ ಕಡೆಗೆ. ಆ 8ರ ಕಡೆಗೆ ಒಂದು ನಿಮಿಷವೂ ಇಲ್ಲ.

ಹಳಬರಿಗೆ ಯಾಕೆ ಬರೆದಿಲ್ಲ ಅಂತ ಕೇಳಿದೆ. ಉತ್ತರ ತಕ್ಷಣ ಬಂತು. "ಕೈ ಚಾಚಿದ ಹಾಗಾಗುತ್ತೆ." ಆಮೇಲೆ ತಂದೆಯ ಮಾತು ಬಂತು. ಅವರ ತಂದೆ ಸಾಲಕ್ಕಾಗಿ ಗುರುತಿನವರ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ, ಮಗ ಜೊತೆಗೆ ಹೋಗುತ್ತಿದ್ದರಂತೆ. ಇದನ್ನು ಇಲ್ಲಿ ಹೆಚ್ಚು ಬಿಡಿಸುವುದಿಲ್ಲ. ಆದರೆ ಅಪರಿಚಿತರಿಗೆ 140 ಸಲ ಬರೆದವರಿಗೆ, ತಮ್ಮ ಕೆಲಸ ಮೆಚ್ಚಿದ ಒಬ್ಬರಿಗೆ ಬರೆಯಲು ಯಾಕೆ ಆಗಲಿಲ್ಲ ಅನ್ನುವುದು ಅಲ್ಲಿ ಗೊತ್ತಾಯಿತು. ಅಪರಿಚಿತರು ಉತ್ತರಿಸದಿದ್ದರೆ ಮುಖ ಹೋಗುವುದಿಲ್ಲ, ಅಲ್ವಾ? ಆ ಪ್ರಪೋಸಲ್‌ಗಳು ಶ್ರಮದ ಹಾಗೆ ಕಾಣುತ್ತಿದ್ದವು. ಅಸಲಿಗೆ ತಪ್ಪಿಸಿಕೊಳ್ಳುವ ದಾರಿ.

1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದನ್ನು ನಾನು ಇಂಥವರಿಗೆ ಹೇಳುವುದುಂಟು. ಗುರುತಿನವರ ಮೂಲಕ ನೌಕರಿ ಪಡೆದವರನ್ನು, ಆ ವ್ಯಕ್ತಿಯನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಅವರು ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಅಂದವರು 16.7% ಮಾತ್ರ. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಅಂದವರೇ 27.8%. ಉಳಿದವರು ನಡುವಿನವರು. ಹತ್ತಿರದವರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಇರುವುದು ಅಷ್ಟೇನೂ ಬಳಕೆ ಇಲ್ಲದವರ ಹತ್ತಿರ. ಇದು ನೌಕರಿಯ ಲೆಕ್ಕ, ಫ್ರೀಲ್ಯಾನ್ಸ್ ಕೆಲಸದ್ದಲ್ಲ, ಅದನ್ನೂ ಹೇಳಿದೆ. ಆದರೂ "ವರ್ಷಗಟ್ಟಲೆ ಮಾತಾಡದೆ ಈಗ ಹೇಗೆ ಬರೆಯೋದು" ಅನ್ನುವ ಅವರ ಸಂಕೋಚ ಸ್ವಲ್ಪ ಸಡಿಲವಾಯಿತು.

ಅದೇ ಹಾಳೆಯಲ್ಲಿ ಇನ್ನೊಂದು ವಿಷಯ ಇತ್ತು. ಅದನ್ನು ಕಂಡವರು ಅವರೇ. 11ರಲ್ಲಿ 7 ತರಬೇತಿ ವಿಡಿಯೊಗಳು. ಯಂತ್ರ ಹೇಗೆ ನಡೆಸಬೇಕು, ಹೊಸದಾಗಿ ಸೇರಿದವರು ಏನು ಮಾಡಬೇಕು, ಇಂಥವು. ಗಿರಾಕಿಗಳಿಗೆ ತಮ್ಮ ಕೆಲಸ ತೋರಿಸುವ ಅವರ ಮಾದರಿ ಪುಟದಲ್ಲಿ ಮಾತ್ರ ಇವುಗಳಲ್ಲಿ ಒಂದೂ ಇರಲಿಲ್ಲ. ಬೆಟ್ಟ, ಸೂರ್ಯಾಸ್ತ, ಸಂಗೀತ. "ಅದೆಲ್ಲ ಬೋರು ಮೇಡಂ, ಯಾರು ನೋಡ್ತಾರೆ?" ದುಡ್ಡು ಕೊಟ್ಟವರು ನೋಡಿದ್ದಾರಲ್ಲ, ಅಂದೆ.

ರೇಟಿನ ವಿಷಯಕ್ಕೆ ನಾವು ಜಾಸ್ತಿ ಹೊತ್ತು ಕೊಟ್ಟೆವು. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೇ ಕಾರುಗಳ ಉದಾಹರಣೆ ಇಟ್ಟುಕೊಂಡು ಒಂದು ಮಾತು ತೋರಿಸಿದ್ದರು. ಯಾವ ಕಾರು ಗಟ್ಟಿ, ಯಾವುದು ಡಕೋಟ ಅಂತ ಕೊಳ್ಳುವವನಿಗೆ ಗೊತ್ತಾಗದಿದ್ದರೆ, ಅವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಗಟ್ಟಿ ಕಾರಿನವನು ಸಂತೆಯಿಂದ ಎದ್ದು ಹೋಗುತ್ತಾನೆ. ವಿ ಇದನ್ನು ಕೇಳಿ ನಕ್ಕರು. "ನಾನು ಎದ್ದು ಹೋಗೋ ಗಟ್ಟಿ ಕಾರು." ಇರಬಹುದು. ಆದರೆ ಯಾರ ಕೆಲಸ ಗಟ್ಟಿ ಅಂತ ಗೊತ್ತಾಗದ ಗಿರಾಕಿಯ ಭಯ ರೇಟು ಇಳಿಸಿದರೆ ಹೋಗುವುದಿಲ್ಲ, ಜಾಸ್ತಿಯೂ ಆಗಬಹುದು. ಇಷ್ಟು ಕಡಿಮೆಗೆ ಮಾಡ್ತಾರೆ ಅಂದರೆ ಏನೋ ಐಬು ಇರಬೇಕು, ಅನ್ನಿಸುತ್ತದೆ. ಅವನಿಗೆ ಭಯ ಏನು ಅಂತ ಇಬ್ಬರೂ ಕೂತು ಬರೆದೆವು: ಹೇಳಿದ ದಿನಕ್ಕೆ ಕೊಡ್ತಾರಾ? ಮಧ್ಯದಲ್ಲಿ ಫೋನ್ ಎತ್ತದೆ ಹೋದರೆ? ನನ್ನ ಮೇಲಿನವರಿಗೆ ಇಷ್ಟವಾಗದಿದ್ದರೆ?

ಕೊಟ್ಟ ಸಲಹೆ ಇದರಿಂದಲೇ ಬಂತು. ರೇಟು ಇಳಿಸಬೇಡಿ, ಬೇಕಾದರೆ ಕೆಲಸ ಚಿಕ್ಕದು ಮಾಡಿ. ಹತ್ತು ವಿಡಿಯೊ ಒಪ್ಪಿಕೊಳ್ಳುವ ಧೈರ್ಯ ಇಲ್ಲದ ಗಿರಾಕಿಗೆ ಮೊದಲು ಒಂದನ್ನು ಪೂರ್ತಿ ರೇಟಿಗೆ ಮಾಡಿಕೊಡುತ್ತೇನೆ ಅನ್ನಿ. ಬಿಟ್ಟಿ ಸ್ಯಾಂಪಲ್ ಬೇಡ. ಅರ್ಧ ಹಣ ಮುಂಗಡ, ಎರಡು ಸಲ ತಿದ್ದುಪಡಿ, ಕೊಡುವ ದಿನ: ಮೂರನ್ನೂ ಮೊದಲೇ ಬರೆದು ಕಳಿಸಿ. ಪ್ರಪೋಸಲ್ ವಿಷಯದಲ್ಲಿ ಒಂದೇ ಮಾತು. ಅವರ ಎಲ್ಲ ಪ್ರಪೋಸಲ್‌ಗಳೂ "ನಾನು" ಅಂತ ಶುರುವಾಗುತ್ತಿದ್ದವು. ಮೊದಲ ಎರಡು ಸಾಲು ಗಿರಾಕಿಯ ವಿಡಿಯೊ ಬಗ್ಗೆ ಇರಲಿ, ಅದನ್ನು ನೋಡಿದವರು ಮಾತ್ರ ಬರೆಯಬಹುದಾದದ್ದು ಇರಲಿ. ದಿನಕ್ಕೆ ಮೂರರ ಮೇಲೆ ಕಳಿಸಬೇಡಿ. ಅಷ್ಟು ಓದಿ ಬರೆಯಬೇಕು ಅಂದರೆ ಮೂರೇ ಜಾಸ್ತಿ.

ಕೈಯಲ್ಲಿ ಎಷ್ಟು ತಿಂಗಳ ಖರ್ಚಿಗೆ ದುಡ್ಡಿದೆ ಅಂತಲೂ ಕೇಳಿದೆ. ಎರಡು ತಿಂಗಳು. ಹಾಗಿದ್ದರೆ ಧೈರ್ಯದ ಮಾತು ಸುಮ್ನೆ ಆಡಬಾರದು. ಹಳೇ ಆಫೀಸಿನ ಪರಿಚಯದಲ್ಲಿ ವಾರಕ್ಕೆ ಎರಡು ದಿನದ ಕೆಲಸ ಒಪ್ಪಿಕೊಂಡರು. ಸೋತೆ ಅನ್ನಿಸಿತಂತೆ. ಆದರೆ ಆ ವಾರವೇ ಮೊದಲ ಸಲ ಒಬ್ಬ ಗಿರಾಕಿಗೆ ಈ ರೇಟಿಗೆ ಆಗಲ್ಲ ಅಂದರು. ಗಿರಾಕಿ ಹೋದರು. ವಿ ಆ ರಾತ್ರಿ ಮಲಗಿದರು.

ಹಳಬರಿಗೆ ಬರೆಯುವುದನ್ನು ಇಲ್ಲೇ, ನನ್ನ ಎದುರಿಗೇ ಶುರು ಮಾಡಿದೆವು. "ಏನಾದರೂ ಕೆಲಸ ಇದ್ದರೆ ಹೇಳಿ" ಅನ್ನುವ ಸಾಲನ್ನು ಅಳಿಸಿಸಿದೆ. ಅದು ನಿಜಕ್ಕೂ ಕೈ ಚಾಚಿದ ಹಾಗೇ ಇರುತ್ತದೆ. ಬದಲಿಗೆ ಅವರು ಬರೆದದ್ದು ಹೀಗೆ: "ನಿಮಗೆ ಮಾಡಿಕೊಟ್ಟ ತರಬೇತಿ ವಿಡಿಯೊಗಳು ಈಗಲೂ ಬಳಕೆಯಲ್ಲಿವೆಯೇ? ಅದರಲ್ಲಿ ತೋರಿಸಿದ ಸಾಫ್ಟ್‌ವೇರ್ ಈಗ ಬದಲಾಗಿದೆ. ಪೂರ್ತಿ ಹೊಸದು ಬೇಕಿಲ್ಲ, ಆ ಭಾಗ ಮಾತ್ರ ಬದಲಿಸಬಹುದು. ಈಗ ನಾನು ಇಂಥ ವಿಡಿಯೊಗಳನ್ನೇ ಮಾಡುತ್ತಿದ್ದೇನೆ." ಒಂದು ವಾರ ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ, ಆಮೇಲೆ ಬಿಡಿ ಅಂದೆ.

ಬರೆಯಬೇಕಾದ ಹಳಬರ ಪಟ್ಟಿಯಲ್ಲಿ 6 ಹೆಸರಿದ್ದವು. ಐವರಿಗೆ ಬರೆದರು. ಇಬ್ಬರು ಉತ್ತರಿಸಲಿಲ್ಲ. ಒಬ್ಬರು ಈ ವರ್ಷ ಏನೂ ಇಲ್ಲ ಅಂದರು, ಮನೆಯವರು ಹೇಗಿದ್ದಾರೆ ಅಂತಲೂ ಕೇಳಿದರು. ಒಬ್ಬರು ಆ ಭಾಗ ಬದಲಿಸಿಕೊಡಿ ಅಂದರು, ಎರಡು ದಿನದ ಕೆಲಸ. ಇನ್ನೊಬ್ಬರು ಬೇರೆ ಸಂಸ್ಥೆಯವರ ನಂಬರ್ ಕೊಟ್ಟರು. ಅಲ್ಲಿ ಮಾತುಕತೆ ಎರಡು ತಿಂಗಳು ಎಳೆದು, ಕೊನೆಗೆ ಆರು ವಿಡಿಯೊ ಸಿಕ್ಕವು. ನಡುವೆ ಒಂದು ತಿಂಗಳು ಪೂರ್ತಿ ಖಾಲಿ ಹೋಯಿತು. ವಾರಕ್ಕೆ ಎರಡು ದಿನದ ಆ ನೌಕರಿ ಈಗಲೂ ಇದೆ.

ಆರನೆಯವರ ಕೆಲಸವನ್ನು ವಿ ಹಿಂದೆ ತಡವಾಗಿ ಕೊಟ್ಟಿದ್ದರು, ಮಾತು ಕೆಟ್ಟಿತ್ತು. ಅವರಿಗೆ ಬರೆಯಬೇಕಾದದ್ದು ಕೆಲಸದ ಪತ್ರ ಅಲ್ಲ, ಅದು ಇಬ್ಬರಿಗೂ ಗೊತ್ತು. ಕೊನೇ ಭೇಟಿಯಲ್ಲಿ ಮೊಬೈಲ್ ತೆಗೆದು ಕರಡು ತೋರಿಸಿದರು. ಎರಡು ಸಾಲು ಇತ್ತು. ಕಳಿಸಲಾ ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ. ಮೊಬೈಲನ್ನು ಮತ್ತೆ ಜೇಬಿಗೆ ಹಾಕಿಕೊಂಡರು.