ಇನೊವೇಶನ್ ಡಿಸ್ಟ್ರಿಕ್ಟ್ ಬಂದರೆ ಸುತ್ತಲಿನ ಬಡಾವಣೆಗಳ ಜನರಿಗೆ ಏನಾಗುತ್ತದೆ?

ವಿಶ್ವವಿದ್ಯಾಲಯ, ಕಂಪನಿ, ಸ್ಟಾರ್ಟ್‌ಅಪ್, ವಸತಿ ಎಲ್ಲವೂ ನಗರದೊಳಗೇ ಒತ್ತೊತ್ತಾಗಿ ಸೇರಿದ ಪ್ರದೇಶವನ್ನು ಇನೊವೇಶನ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಅದರಿಂದ ಕೆಲಸ, ಸಾರಿಗೆ ಬರುವುದು ನಿಜ. ಆದರೆ ಅದರ ಬಿಸಿ ಮೊದಲು ತಟ್ಟುವುದು ಬಾಡಿಗೆಯಲ್ಲಿ. ಸ್ವಂತ ಮನೆಯವರಿಗೆ ಅದು ಆಸ್ತಿಯ ಬೆಲೆಯೇರಿಕೆ, ಬಾಡಿಗೆದಾರರಿಗೆ ಗಂಟುಮೂಟೆ ಕಟ್ಟುವ ಸೂಚನೆ.

ಸ್ಪೇನ್‌ನ ಬಾರ್ಸಿಲೋನಾ ನಗರದ ಪೊಬ್ಲೆನೌ ಬಡಾವಣೆ ನೋಡಿ. ಹಳೆಯ ಕಾರ್ಖಾನೆಗಳ ಸುಮಾರು 200 ಹೆಕ್ಟೇರ್ ಪ್ರದೇಶಕ್ಕೆ 2000ರಲ್ಲಿ '22@' ಎಂಬ ಇನೊವೇಶನ್ ಡಿಸ್ಟ್ರಿಕ್ಟ್ ಯೋಜನೆ ಬಂತು. ಹೆಚ್ಚು ಕಟ್ಟಲು ಅನುಮತಿ ಪಡೆದ ಭೂಮಾಲೀಕರು ಸುಮಾರು 30% ಜಾಗವನ್ನು ಹಸಿರು, ಸಾರ್ವಜನಿಕ ಸೌಲಭ್ಯ, ಕೈಗೆಟುಕುವ ವಸತಿಗೆಂದು ಬಿಟ್ಟುಕೊಡಬೇಕಿತ್ತು. ಇದು ನಿಜಕ್ಕೂ ಜಾಣ ನಿಯಮ. ಹಾಗಿದ್ದೂ ಕಾನ್ ರಿಕಾರ್ಟ್ ಎಂಬ ಹಳೆಯ ಕಾರ್ಖಾನೆ ಸಂಕೀರ್ಣದಲ್ಲಿದ್ದ ಸಣ್ಣ ಉದ್ದಿಮೆಗಳು, ಕಲಾವಿದರು ಜಾಗ ಖಾಲಿ ಮಾಡಬೇಕಾಯಿತು. ಅದನ್ನು ಉಳಿಸಿಕೊಳ್ಳಲು ನೆರೆಹೊರೆಯವರು ಬೀದಿಗಿಳಿದರು. ವಸತಿಯ ಪಾಲು ಕಡಿಮೆಯಾಯಿತೆಂಬ ಟೀಕೆಯೂ ಬಂತು. ಕಚೇರಿಗಳೇ ತುಂಬಿದ ಬೀದಿ ಸಂಜೆಯ ನಂತರ ನಿರ್ಜೀವವಾಗುತ್ತದೆ.

ಕೆಲಸದ ವಿಷಯದಲ್ಲೂ ಒಂದು ಬಿರುಕಿದೆ. ಹೆಚ್ಚು ಸಂಬಳದ ಹುದ್ದೆಗಳು ಉನ್ನತ ಪದವೀಧರರಿಗೆ, ಅಲ್ಲಿನ ಹಳೆಯ ನಿವಾಸಿಗಳ ಪಾಲಿಗೆ ಬರುವುದು ಬಹುಪಾಲು ಕಾವಲು, ಸ್ವಚ್ಛತೆ, ಅಡುಗೆ. ಪಕ್ಕದ ಬೀದಿಯ ಮಕ್ಕಳಿಗೆ ಆ ಗಾಜಿನ ಕಟ್ಟಡದ ಬಾಗಿಲು ತೆರೆಯದಿದ್ದರೆ ಅದು ಅವರ ಊರಿನಲ್ಲಿದ್ದೂ ಅವರದಲ್ಲ.

ನನ್ನ ಅಭಿಪ್ರಾಯದಲ್ಲಿ ಬಾಡಿಗೆದಾರರ ರಕ್ಷಣೆ, ಸಾರ್ವಜನಿಕ ವಸತಿ, ಸ್ಥಳೀಯರಿಗೆ ತರಬೇತಿ ಇವು ಯೋಜನೆಯ ಮೊದಲ ದಿನದಿಂದಲೇ ಇರಬೇಕು. ಭೂಮಿಯ ಬೆಲೆ ಏರಿದ ಮೇಲೆ ವಸತಿಗೆ ಜಾಗ ಹುಡುಕುವುದು ನಗರಾಡಳಿತಕ್ಕೂ ದುಬಾರಿ.