ಚಿಕ್ಕ ಪಿಸ್ತೂಲೇ ಸುಲಭ ಅಂದುಕೊಳ್ಳಬೇಡ ತಂಗಿ

ನೀನು ಕೇಳಿದ್ದು ಇಷ್ಟು. ಹ್ಯೂಸ್ಟನ್‌ಗೆ ಬಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದ್ದೀಯ. ರಾತ್ರಿ ಪಾಳಿ. ಜೊತೆಯವರಲ್ಲಿ ಕೆಲವರು ಗನ್ ಇಟ್ಟುಕೊಂಡಿದ್ದಾರೆ. ಪಾರ್ಕಿಂಗ್ ಲಾಟ್‌ವರೆಗೆ ಒಬ್ಬಳೇ ನಡೆಯೋಕೆ ಭಯ, ಹಾಗಾಗಿ ದಿನಾ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವಂಥದ್ದು ಒಂದು ಬೇಕು, ಯಾವ ಸೈಜ್ ತಗೊಳ್ಳಲಿ ಅಂತ. "ನನ್ನ ಕೈ ಚಿಕ್ಕದು ಅಕ್ಕಾ, ಎಲ್ಲಕ್ಕಿಂತ ಪುಟ್ಟದ್ದೇ ಸಾಕು" ಎಂದೂ ಬರೆದಿದ್ದೀಯ. ನನ್ನ ತಕರಾರು ಇರುವುದು ಆ ಕೊನೆಯ ಮಾತಿಗೇ. ಆದರೆ ಸೈಜ್ ವಿಷಯಕ್ಕೆ ಬರುವ ಮೊದಲು ಬೇರೆ ಒಂದೆರಡು ಮಾತು ಹೇಳಿಬಿಡುತ್ತೇನೆ.

ನೀನು ಗ್ರೀನ್ ಕಾರ್ಡ್ ಮೇಲೆ ಬಂದವಳು. ಅದಕ್ಕೇ ಈ ಮಾತು ಮುಂದುವರಿಯುತ್ತಿದೆ. ಎಚ್-1ಬಿ (ಕೆಲಸದ), ಎಫ್-1 (ಓದಿನ) ವೀಸಾದವರು ಗನ್ ಇಟ್ಟುಕೊಳ್ಳುವುದೇ ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ಅಂತ ಕೆಲವು ವಿನಾಯಿತಿ ಇವೆ, ಅಷ್ಟೇ. ಗ್ರೀನ್ ಕಾರ್ಡ್ ಇರುವವರು ಅಂಗಡಿಗೆ ಹೋಗಿ ಫಾರ್ಮ್ 4473 ಅನ್ನುವ ಖರೀದಿ ಅರ್ಜಿ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳೋಕೆ 21 ವರ್ಷ ತುಂಬಿರಬೇಕು, ವಿಳಾಸ ಸರಿಯಾಗಿರುವ ಟೆಕ್ಸಸ್ ಐಡಿ ಬೇಕು. ಆದರೆ ಒಂದು ವಿಷಯ ನೆನಪಿಡು. ಗನ್ ಕಾನೂನು ಮುರಿದು ಶಿಕ್ಷೆಯಾದರೆ ಸಿಟಿಜನ್ ಆದವರಿಗೆ ದಂಡ, ಜೈಲು. ಗ್ರೀನ್ ಕಾರ್ಡ್ ಇರುವವರಿಗೆ ಅದರ ಮೇಲೆ ಗಡೀಪಾರು ಕೂಡ ಆಗಬಹುದು. ಜೊತೆಯ ನರ್ಸ್ "ಏನೂ ಆಗಲ್ಲ, ಬಾ" ಅಂತಾಳೆ. ಅವಳು ಇಲ್ಲೇ ಹುಟ್ಟಿದವಳು, ಅವಳ ಲೆಕ್ಕ ಬೇರೆ.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು, ನಿಜ. ಆದರೂ ಲೈಸೆನ್ಸ್ ಮಾಡಿಸು. ಶಾಲೆಗಳ ಸುತ್ತ ಸಾವಿರ ಅಡಿಯೊಳಗೆ ಗನ್ ಇರಬಾರದು ಅಂತ ಫೆಡರಲ್ ಕಾನೂನು ಇದೆ, ರಾಜ್ಯದ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ಹ್ಯೂಸ್ಟನ್‌ನಲ್ಲಿ ಶಾಲೆ ಇಲ್ಲದ ದಾರಿ ಯಾವುದಿದೆ ಹೇಳು? ಕ್ಲಾಸ್ ನಾಲ್ಕರಿಂದ ಆರು ಗಂಟೆ. ಆಮೇಲೆ ಮೂರು, ಏಳು, ಹದಿನೈದು ಗಜ ದೂರದಿಂದ ಒಟ್ಟು 50 ಗುಂಡು ಹೊಡೆದು ತೋರಿಸಬೇಕು. ನೂರಕ್ಕೆ ಎಪ್ಪತ್ತು ಬಂದರೆ ಪಾಸ್. ಕಷ್ಟವಿಲ್ಲ.

ಈಗ ನಿನಗೆ ಬೇಜಾರಾಗುವ ಮಾತು. ನೀನು ಹೆದರುವುದು ಆಸ್ಪತ್ರೆ ಬಾಗಿಲಿನಿಂದ ಕಾರಿನವರೆಗಿನ ದಾರಿಗೆ, ಅಲ್ವಾ? ಆ ದಾರಿಯಲ್ಲಿ ನಿನ್ನ ಹತ್ತಿರ ಗನ್ ಇರುವುದೇ ಇಲ್ಲ. ಟೆಕ್ಸಸ್ ಕಾನೂನು ಆಸ್ಪತ್ರೆಯನ್ನು ನಿಷೇಧದ ಪಟ್ಟಿಯಲ್ಲೇ ಇಟ್ಟಿದೆ. ಅದರ ಮೇಲೆ ಕೆಲಸ ಕೊಟ್ಟವರ ನಿಯಮ ಬೇರೆ ಇರುತ್ತದೆ. ಒಳಗೆ ತಂದರೆ ಕೆಲಸ ಹೋಗುತ್ತದೆ, ಜೊತೆಗೆ ಕೇಸೂ ಆಗಬಹುದು. ಉದ್ಯೋಗಿಗಳು ತಮ್ಮ ಕಾರಿಗೆ ಬೀಗ ಹಾಕಿ ಅದರೊಳಗೆ ಗನ್ ಇಡುವುದನ್ನು ಮಾಲೀಕರು ತಡೆಯುವಂತಿಲ್ಲ ಅಂತ 2011ರಲ್ಲಿ ಒಂದು ಕಾನೂನು ಬಂತು. ಅಂದರೆ ಸಂಜೆ ಏಳರಿಂದ ಬೆಳಗ್ಗೆ ಏಳರವರೆಗೆ ನೀನು ಒಳಗೆ, ಗನ್ ಕಾರಿನಲ್ಲಿ. ಕಳ್ಳರಿಗೂ ಇದು ಚೆನ್ನಾಗಿ ಗೊತ್ತು. ಇಲ್ಲಿ ಕಳುವಾಗುವ ಗನ್‌ಗಳಲ್ಲಿ ಎಷ್ಟೋ ಹೋಗುವುದು ಕಾರಿನಿಂದಲೇ. ಹಾಗೆ ಇಡಲೇಬೇಕು ಅಂದರೆ ಸೀಟಿನ ಕಬ್ಬಿಣಕ್ಕೆ ಕೇಬಲ್ ಸುತ್ತಿ ಬಿಗಿಯುವ ಸಣ್ಣ ಲಾಕ್ ಬಾಕ್ಸ್ ಬೇಕು. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಸುಮ್ನೆ ಹಾಕಿ ಹೋಗುವುದು ಬೇಡ. ಪಾರ್ಕಿಂಗ್ ಲಾಟ್ ಭಯಕ್ಕೆ ಇವತ್ತೇ ಮಾಡಬಹುದಾದ ಕೆಲಸ ಸೆಕ್ಯುರಿಟಿಯವರಿಗೆ ಫೋನ್ ಮಾಡಿ "ಕಾರಿನವರೆಗೆ ಬನ್ನಿ" ಅನ್ನುವುದು. ಬಹಳ ಆಸ್ಪತ್ರೆಗಳಲ್ಲಿ ಬರುತ್ತಾರೆ. ಸಂಕೋಚ ಬೇಡ, ಅದು ಅವರ ಕೆಲಸ.

ಹಾಗಾದರೆ ಗನ್ ಉಪಯೋಗಕ್ಕೆ ಬರುವುದು ರಜೆ ದಿನ, ಅಂಗಡಿ-ಪೆಟ್ರೋಲ್ ಬಂಕ್ ಓಡಾಟ, ಮನೆ. ಇದು ಗೊತ್ತಾದ ಮೇಲೆ ಸೈಜ್ ಲೆಕ್ಕ ಸುಲಭವಾಗುತ್ತದೆ. ಯೂನಿಫಾರ್ಮ್‌ನ ಲಾಡಿ ಪ್ಯಾಂಟಿಗೆ ಯಾವ ಗನ್ ಹೊಂದುತ್ತದೆ ಅನ್ನುವ ತಲೆನೋವೇ ಇಲ್ಲ.

ಅಂಗಡಿಯಲ್ಲಿ ನಾಲ್ಕು ಥರ ತೋರಿಸುತ್ತಾರೆ. ಪೊಲೀಸರು ಸೊಂಟದ ಹೊರಗೆ ಹಾಕಿಕೊಳ್ಳುವ ಫುಲ್ ಸೈಜ್, ಉದಾಹರಣೆಗೆ ಗ್ಲಾಕ್ ಕಂಪನಿಯ ಗ್ಲಾಕ್ 17. ಮ್ಯಾಗಜಿನ್‌ನಲ್ಲಿ, ಅಂದರೆ ಗುಂಡು ತುಂಬಿ ಹಿಡಿಯೊಳಗೆ ಸೇರಿಸುವ ಡಬ್ಬಿಯಲ್ಲಿ, 17 ಗುಂಡು. ಬ್ಯಾರಲ್, ಅಂದರೆ ಗುಂಡು ಹಾರುವ ನಳಿಗೆ, ಸುಮಾರು ನಾಲ್ಕೂವರೆ ಇಂಚು. ಅದಕ್ಕಿಂತ ಸ್ವಲ್ಪ ಮೊಟಕು ಕಾಂಪ್ಯಾಕ್ಟ್, ಗ್ಲಾಕ್ 19. ನಾಲ್ಕು ಇಂಚು ಬ್ಯಾರಲ್, 15 ಗುಂಡು, ಪೂರ್ತಿ ತುಂಬಿದಾಗ ಸುಮಾರು 850 ಗ್ರಾಂ. ಆಮೇಲೆ ಗ್ಲಾಕ್ 26 ಥರದ ಸಬ್‌ಕಾಂಪ್ಯಾಕ್ಟ್, ಗಿಡ್ಡ, ಆದರೆ ದಪ್ಪ. ಕೊನೆಗೆ ಮೈಕ್ರೋ. 2018ರಲ್ಲಿ ಸಿಗ್ ಕಂಪನಿಯ ಪಿ365 ಬಂದ ಮೇಲೆ ಈ ಗುಂಪಿನ ಕಥೆಯೇ ಬದಲಾಯಿತು. ಒಂದು ಇಂಚು ದಪ್ಪ, ಖಾಲಿ ಇದ್ದಾಗ ಅರ್ಧ ಕಿಲೋ, ಆದರೂ 10 ಗುಂಡು. ಅದಕ್ಕೂ ಮೊದಲು ಇಷ್ಟು ತೆಳು ಪಿಸ್ತೂಲು ಬೇಕೆಂದರೆ ಆರು ಗುಂಡು, ಏಳು ಗುಂಡಿಗೆ ತೃಪ್ತಿಪಡಬೇಕಿತ್ತು. ಇನ್ನೂ ಪುಟ್ಟದ್ದು ಜೇಬಿನಲ್ಲಿ ಹಾಕುವ ರೂಗರ್ ಎಲ್‌ಸಿಪಿ, ಮುನ್ನೂರು ಗ್ರಾಂ ಕೂಡ ಇಲ್ಲ. ನಿನ್ನ ಕಣ್ಣು ಬಿದ್ದಿರುವುದು ಅದರ ಮೇಲೇ ಅಂತ ನನ್ನ ಊಹೆ. ಆಟದ ಸಾಮಾನಿನಂತೆ ಮುದ್ದಾಗಿದೆ, ಒಪ್ಪುತ್ತೇನೆ.

ಒಮ್ಮೆ ಹೊಡೆದು ನೋಡು, ಮುದ್ದು ಹೋಗುತ್ತದೆ. ನಿಮ್ಮ ಸಕಲೇಶಪುರದ ಮನೆಯಲ್ಲಿ ಲೈಸೆನ್ಸ್ ಕೋವಿ ಇತ್ತು, ಹಂದಿ ಓಡಿಸೋಕೆ ಅಪ್ಪ ಇಟ್ಟುಕೊಂಡಿದ್ದರು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುತ್ತಿದ್ದರು ಅಂತ ಬರೆದಿದ್ದೀಯಲ್ಲ, ಹಾಗಾದರೆ ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುವುದು ನಿನಗೆ ಗೊತ್ತು. ಅಲ್ಲಿ ಒದೆತ ಹೆಗಲಿಗೆ ಹೋಗುತ್ತದೆ, ಕೋವಿಯ ತೂಕವೂ ಅರ್ಧ ನುಂಗುತ್ತದೆ. ಪಿಸ್ತೂಲಿಗೆ ಹೆಗಲಿಲ್ಲ. ಅಂಗೈ, ಮಣಿಕಟ್ಟು ಎರಡೇ. ಗುಂಡು ಅದೇ ಇದ್ದು ಪಿಸ್ತೂಲು ಹಗುರವಾದಷ್ಟೂ ಒದೆತ ಜಾಸ್ತಿ. ಹಿಡಿ ಗಿಡ್ಡವಾದರೆ ಕಿರುಬೆರಳಿಗೆ ಜಾಗವಿಲ್ಲ, ಅದು ಗಾಳಿಯಲ್ಲಿ ನೇತಾಡುತ್ತದೆ. ಗುರಿ ನೋಡೋಕೆ ಪಿಸ್ತೂಲಿನ ಮೇಲಿರುವ ಹಿಂದಿನ ಗುರುತಿಗೂ ಮುಂದಿನ ಗುರುತಿಗೂ ಅಂತರ ಕಡಿಮೆ, ಹಾಗಾಗಿ ಕೈ ಒಂದು ಕೂದಲೆಳೆ ಅಲ್ಲಾಡಿದರೂ ಗುಂಡು ಎಲ್ಲೋ ಹೋಗುತ್ತದೆ. ಬಹಳ ಹೆಂಗಸರು ಪುಟ್ಟ ಪಿಸ್ತೂಲು ಕೊಂಡು, ಕೈ ನೋಯುತ್ತದೆ ಅಂತ ಅಭ್ಯಾಸವನ್ನೇ ಬಿಟ್ಟುಬಿಡುತ್ತಾರೆ. ಅಭ್ಯಾಸವಿಲ್ಲದ ಗನ್ ಮನೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಇದು ನನ್ನ ಅಭಿಪ್ರಾಯ, ಬೇಕಾದರೆ ಜಗಳ ಆಡು.

ಇನ್ನೊಂದು ತೊಡಕು ಸ್ಲೈಡ್ ಎಳೆಯುವುದು. ಮೇಲಿನ ಲೋಹದ ಭಾಗವನ್ನು ಹಿಂದಕ್ಕೆ ಎಳೆದು ಬಿಟ್ಟರೆ ತಾನೇ ಗುಂಡು ಬ್ಯಾರಲ್‌ಗೆ ಏರುವುದು. ಚಿಕ್ಕ ಪಿಸ್ತೂಲಿನಲ್ಲಿ ಸ್ಲೈಡ್ ಹಗುರ, ಅದನ್ನು ತಡೆಯೋಕೆ ಸ್ಪ್ರಿಂಗ್ ಬಿಗಿ. ಹಿಡಿದುಕೊಳ್ಳೋಕೆ ಜಾಗವೂ ಕಡಿಮೆ. ಹೀಗಾಗಿ ಚಿಕ್ಕ ಕೈಗೆ ಚಿಕ್ಕ ಪಿಸ್ತೂಲೇ ಕಷ್ಟ. ಗ್ಲಾಕ್ 19 ಎಳೆಯುವುದು ಎಷ್ಟೋ ಸಲೀಸು. ಸ್ಮಿತ್ ಅಂಡ್ ವೆಸನ್‌ನವರು ಶೀಲ್ಡ್ ಇಝಡ್ ಅಂತ ಒಂದು ಮಾಡಿದ್ದಾರೆ, ಕೈಯಲ್ಲಿ ಬಲ ಕಡಿಮೆ ಇರುವವರಿಗಾಗಿಯೇ. ಅದನ್ನೂ ನೋಡು. "ಹೆಂಗಸರಿಗೆ ರಿವಾಲ್ವರ್ ಒಳ್ಳೆಯದು" ಅಂತ ಕೌಂಟರ್ ಹಿಂದಿನ ಗಂಡಸು ಹೇಳೇ ಹೇಳುತ್ತಾನೆ. ಐದು ಗುಂಡಿನ ಹಗುರ ರಿವಾಲ್ವರ್‌ನ ಟ್ರಿಗರ್ ಉದ್ದ, ಗಡಸು. ಒದೆತ ಕೆಟ್ಟದು. ನುರಿತವರ ಕೈಗೆ ಅದು ಚೆಂದ, ಮೊದಲನೇ ಗನ್ ಆಗಿ ಅಲ್ಲ.

ಇನ್ನು ಅಡಗಿಸುವ ವಿಷಯ. ಎಲ್ಲರೂ ಬ್ಯಾರಲ್ ಉದ್ದ ನೋಡಿ ಹೆದರುತ್ತಾರೆ. ಬ್ಯಾರಲ್ ಪ್ಯಾಂಟಿನೊಳಗೆ ಇಳಿದುಬಿಡುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಬಟ್ಟೆಯನ್ನು ಎತ್ತಿ ತೋರಿಸುವುದು ಹಿಡಿ. ಇಲ್ಲಿಯವರು ಅದಕ್ಕೆ ಪ್ರಿಂಟ್ ಆಗುತ್ತಿದೆ ಅಂತಾರೆ. ಬ್ಯಾರಲ್ ಅರ್ಧ ಇಂಚು ಹೆಚ್ಚು ಉದ್ದವಿದ್ದರೆ ಅದು ಕೆಳಗಡೆ ಒತ್ತಿ ಹಿಡಿದು, ಹಿಡಿಯನ್ನು ಹೊಟ್ಟೆಗೆ ಅಂಟಿಸುವುದೂ ಉಂಟು. ಹಾಗಾಗಿ ನೋಡಬೇಕಾದ ಅಳತೆ ಎರಡು: ಹಿಡಿಯ ಉದ್ದ, ಒಟ್ಟು ದಪ್ಪ. ನಿನಗೆ ನನ್ನ ಸಲಹೆ ತೆಳುವಾಗಿದ್ದು ಹಿಡಿ ಮಾತ್ರ ಪೂರ್ತಿ ಇರುವಂಥದ್ದು, ಅಂದರೆ ಗ್ಲಾಕ್ 43ಎಕ್ಸ್ ಅಥವಾ ಸಿಗ್ ಪಿ365 ಎಕ್ಸ್‌ಎಲ್. ಎರಡೂ 2019ರಲ್ಲಿ ಬಂದವು, 10-12 ಗುಂಡು ಹಿಡಿಸುತ್ತವೆ. ಮೂರು ಬೆರಳೂ ಕೂರುತ್ತವೆ, ತೋರುಬೆರಳು ಟ್ರಿಗರ್‌ಗೆ ಸರಿಯಾಗಿ ಮುಟ್ಟುತ್ತದೆ. ಗ್ಲಾಕ್ 19ರ ಹಿಡಿ ದಪ್ಪ, ಚಿಕ್ಕ ಕೈಗೆ ಟ್ರಿಗರ್ ದೂರವಾಗಬಹುದು. ನಿನ್ನ ಕೈಗೆ ಎಟುಕಿದರೆ ಅದನ್ನೇ ತಗೋ, ಹೊಡೆಯೋಕೆ ಅದರಷ್ಟು ಹಿತ ಈ ತೆಳು ಪಿಸ್ತೂಲುಗಳಲ್ಲಿ ಸಿಗುವುದಿಲ್ಲ.

ಹ್ಯೂಸ್ಟನ್ ಬೇಸಿಗೆಯಲ್ಲಿ ಕೋಟು, ಜಾಕೆಟ್ ಹಾಕುವವರು ಯಾರೂ ಇಲ್ಲ. ಆದರೆ ನಮಗೆ ಕುರ್ತಾ ಇದೆ. ಸಡಿಲವಾದ, ಸ್ವಲ್ಪ ದಪ್ಪ ಹತ್ತಿಯ, ಚಿತ್ತಾರ ಇರುವ ಕುರ್ತಾ ಜೀನ್ಸ್ ಮೇಲೆ ಹಾಕಿದರೆ ಗ್ಲಾಕ್ 19 ಕೂಡ ಮಾಯ. ತೊಂದರೆ ಏನೆಂದರೆ, ಮೊಣಕಾಲುದ್ದದ ಕುರ್ತಾ ಎತ್ತಿ ತೆಗೆಯೋಕೆ ಹೊತ್ತು ಹಿಡಿಯುತ್ತದೆ, ಕೈ ಸಿಕ್ಕಿಹಾಕಿಕೊಳ್ಳುತ್ತದೆ. ಸೊಂಟದಿಂದ ಒಂದು ಗೇಣು ಕೆಳಗೆ ಬರುವ ಗಿಡ್ಡ ಕುರ್ತಾ, ಪಕ್ಕದಲ್ಲಿ ಸೀಳು ಇರುವುದು ಒಳ್ಳೆಯದು. ಲೆಗ್ಗಿಂಗ್ಸ್‌ಗೆ ಬೆಲ್ಟ್ ನಿಲ್ಲುವುದಿಲ್ಲ, ಅದಕ್ಕೆ ಮೈಗೇ ಕಟ್ಟುವ ಬೇರೆ ಪಟ್ಟಿ ಸಿಗುತ್ತದೆ. ಸೀರೆಗೆ ದಾರಿಯೇ ಇಲ್ಲ, ಹುಡುಕಲೂ ಬೇಡ. ಯುಗಾದಿ ಕಾರ್ಯಕ್ರಮಕ್ಕೋ ಪೇರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನಕ್ಕೋ ಹೋಗುವ ದಿನ ಗನ್ ಮನೆಯ ಸೇಫ್‌ನಲ್ಲೇ ಇರಲಿ.

ಹೋಲ್‌ಸ್ಟರ್‌ಗೆ, ಅಂದರೆ ಪಿಸ್ತೂಲು ಸಿಕ್ಕಿಸಿಕೊಳ್ಳುವ ಒರೆಗೆ, ಜಿಪುಣತನ ಮಾಡಬೇಡ. ಟ್ರಿಗರ್ ಇರುವ ಜಾಗವನ್ನು ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್‌ನದ್ದು ಬೇಕು, ಅದೇ ಮಾಡೆಲ್‌ಗೆ ಅಂತ ಮಾಡಿದ್ದು. ಮೆತ್ತನೆ ಬಟ್ಟೆಯದ್ದು ಬೇಡ. ಒಳ್ಳೆಯ ಹೋಲ್‌ಸ್ಟರ್, ಬಿಗಿಯಾದ ಬೆಲ್ಟ್ ಇದ್ದರೆ ದೊಡ್ಡ ಪಿಸ್ತೂಲೂ ಅಡಗುತ್ತದೆ. ಕೆಟ್ಟ ಹೋಲ್‌ಸ್ಟರ್‌ನಲ್ಲಿ ಮೈಕ್ರೋ ಕೂಡ ಜೋಲುತ್ತದೆ.

ವ್ಯಾನಿಟಿ ಬ್ಯಾಗ್‌ನಲ್ಲಿ ಮಾತ್ರ ಇಡಬೇಡ. ಕಳ್ಳ ಮೊದಲು ಕಿತ್ತುಕೊಳ್ಳುವುದೇ ಬ್ಯಾಗ್. ನಿನಗೆ ನಾಲ್ಕು ವರ್ಷದ ಮಗ ಬೇರೆ ಇದ್ದಾನೆ. 2014ರ ಡಿಸೆಂಬರ್‌ನಲ್ಲಿ ಐಡಹೋ ರಾಜ್ಯದ ಒಂದು ದೊಡ್ಡ ಅಂಗಡಿಯಲ್ಲಿ ಎರಡು ವರ್ಷದ ಮಗು ಶಾಪಿಂಗ್ ಗಾಡಿಯಲ್ಲಿ ಕೂತು ಅಮ್ಮನ ಬ್ಯಾಗ್‌ಗೆ ಕೈ ಹಾಕಿತು. ಗುಂಡು ಹಾರಿ ಅಮ್ಮ ಅಲ್ಲೇ ಸತ್ತಳು. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನವರ ಕೈಗೆ ತುಂಬಿದ ಗನ್ ಸಿಗುವಂತೆ ಇಟ್ಟರೆ ಅದೇ ಒಂದು ಅಪರಾಧ. ಮನೆಗೆ ಬಂದ ಕೂಡಲೇ ಮೈಮೇಲಿಂದ ತೆಗೆದು ನೇರವಾಗಿ ಸೇಫ್‌ಗೆ. ಬೀರು ಮೇಲೆ, ದಿಂಬಿನ ಕೆಳಗೆ ಇಡುವುದೆಲ್ಲ ಇಲ್ಲ. ಪಿಸ್ತೂಲಿಗಿಂತ ಮೊದಲು ಸೇಫ್ ಕೊಳ್ಳು.

ಕೆಲವು ಅಂಗಡಿಗಳ ಬಾಗಿಲಲ್ಲಿ 30.05, 30.06 ಅಂತ ಸಂಖ್ಯೆ ಇರುವ ದೊಡ್ಡ ಬೋರ್ಡ್ ಇರುತ್ತದೆ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ. ಮೊದಲನೆಯದು ಲೈಸೆನ್ಸ್ ಇಲ್ಲದವರಿಗೆ, ಎರಡನೆಯದು ಲೈಸೆನ್ಸ್ ಇದ್ದವರಿಗೆ. ಕಂಡರೆ ಒಳಗೆ ಒಯ್ಯಬೇಡ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್‌ನಲ್ಲಿ ಟೆಕ್ಸಸ್ ಲೈಸೆನ್ಸ್ ನಡೆಯುವುದಿಲ್ಲ. ಅಲ್ಲಿ ಹತ್ತು ಗುಂಡಿಗಿಂತ ದೊಡ್ಡ ಮ್ಯಾಗಜಿನ್ನೇ ಅಪರಾಧ. ನ್ಯೂಜೆರ್ಸಿಯ ಎಡಿಸನ್ ಊರಲ್ಲಿರುವ ಅಣ್ಣನ ಮನೆಗೆ ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಗನ್ ಇಲ್ಲೇ ಬಿಟ್ಟು ಹೋಗು.

ಶೂಟಿಂಗ್ ರೇಂಜ್‌ಗೆ ಒಯ್ಯುವ ಬ್ಯಾಗ್ ಅದಕ್ಕೇ ಮೀಸಲಾಗಿರಲಿ. ಅದನ್ನು ಊರಿಗೆ ಹೋಗುವಾಗ ಬಳಸಲೇಬಾರದು. ಯಾವುದೋ ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡಿಗೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಆರ್ಮ್ಸ್ ಆಕ್ಟ್ ಕೇಸ್ ಹಾಕುತ್ತಾರೆ. ಅಮೆರಿಕದಿಂದ ಬಂದವರು ಎಷ್ಟೋ ಜನ ಸಿಕ್ಕಿಹಾಕಿಕೊಂಡಿದ್ದಾರೆ. ಗೊತ್ತಿಲ್ಲದೆ ಉಳಿದದ್ದು ಅಂತ ಹೈಕೋರ್ಟ್‌ಗಳು ಇಂಥ ಕೇಸ್ ರದ್ದು ಮಾಡಿದ್ದುಂಟು. ಆದರೆ ಅಷ್ಟರಲ್ಲಿ ರಜೆ ಮುಗಿದು, ವಕೀಲರ ಫೀಸು ಕಟ್ಟಿ, ವಾಪಸ್ ಟಿಕೆಟ್ ಹಾಳಾಗಿರುತ್ತದೆ.

ಈಗಲೇ ಏನೂ ಕೊಳ್ಳಬೇಡ. ಇಲ್ಲಿನ ಒಳಾಂಗಣ ರೇಂಜ್‌ಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ಮೊದಲು ಹೊಸಬರ ಕ್ಲಾಸ್ ಒಂದು ಮಾಡು. ಹೆಂಗಸರೇ ಕಲಿಸುವ ಕ್ಲಾಸ್‌ಗಳೂ ಇವೆ. ಆಮೇಲೆ ನಾನು ಹೇಳಿದ ನಾಲ್ಕೈದನ್ನೂ ಬಾಡಿಗೆಗೆ ತಗೊಂಡು, ಒಂದೊಂದರಲ್ಲೂ ಒಂದು ಡಬ್ಬಿ ಗುಂಡು ಖಾಲಿ ಮಾಡು. ಎಲ್‌ಸಿಪಿಯಿಂದ ಶುರುಮಾಡು, ಗ್ಲಾಕ್ 19ಕ್ಕೆ ಬಾ. ಮನೆಯವರನ್ನೂ ಕರೆದುಕೊಂಡು ಹೋಗು, ಮನೆಯಲ್ಲಿ ಗನ್ ಇದ್ದ ಮೇಲೆ ಅವರಿಗೂ ಗೊತ್ತಿರಬೇಕು. ಭಾನುವಾರ ಮಧ್ಯಾಹ್ನ ರೇಂಜ್‌ಗಳಲ್ಲಿ ವಿಪರೀತ ರಶ್. ನಿನಗೆ ವಾರದ ಮಧ್ಯೆ ರಜೆ ಸಿಗುತ್ತದಲ್ಲ, ಆಗ ಬೆಳಗ್ಗೆ ಹೋಗು. ನಾನೂ ಬರುತ್ತೇನೆ ಬೇಕಾದರೆ.