ಆಪರೇಷನ್ ಆದ ರಾತ್ರಿಯೇ ಬೆಕ್ಕು ತೀರಿಕೊಂಡ ಬಗ್ಗೆ
ಸಂತಾನಹರಣ ಆಪರೇಷನ್ ಆದ ರಾತ್ರಿಯೇ ನಿಮ್ಮ ಎರಡು ವರ್ಷದ ಬೆಕ್ಕು ಹೋಯಿತು, ‘ನಾನೇ ಕೊಂದೆನಾ’ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಮ್ಮ ಚಿನ್ನಿಯೂ ಹಾಗೇ ಹೋದಳು. ಬೋಳಿಸಿದ ಹೊಟ್ಟೆಯ ಮೇಲೆ ಹಸಿ ಹೊಲಿಗೆ, ಮುಂಗಾಲಿಗೆ ಸುತ್ತಿದ್ದ ಟೇಪು ಕೂಡ ಬಿಚ್ಚಿರಲಿಲ್ಲ.

ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಬೆಕ್ಕುಗಳಲ್ಲಿ ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ, ಸ್ಟೆತಸ್ಕೋಪಿಗೂ ಸಿಗದಿರಬಹುದು. ಅಂಥ ಹೃದಯ ಕೆಲವೊಮ್ಮೆ ಅರಿವಳಿಕೆ ತಡೆಯದೇ ಹೋಗಬಹುದು. ಇಲ್ಲವೇ ಆಪರೇಷನ್ನಿನಲ್ಲಿ ರಕ್ತನಾಳಕ್ಕೆ ಕಟ್ಟಿದ ದಾರ ಜಾರಿ ಒಳಗೇ ರಕ್ತ ಸೋರಿರಬಹುದು. ಯಾವುದೆಂದು ತಿಳಿಯಲು ಪೋಸ್ಟ್‌ಮಾರ್ಟಮ್ಮೇ ಆಗಬೇಕು. ದೇಹ ಇನ್ನೂ ಇದ್ದರೆ ತಣ್ಣಗಿಡಿ, ಫ್ರೀಜರಿನಲ್ಲಿ ಮಾತ್ರ ಬೇಡ, ಅಂಗಾಂಶ ಹಾಳಾಗುತ್ತದೆ. ಬೆಂಗಳೂರಿನಲ್ಲಿದ್ದರೆ ಇವತ್ತೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಕ್ಲಿನಿಕ್ಕಿನಲ್ಲಿ ಅರಿವಳಿಕೆಯ ದಾಖಲೆ ಕೇಳಿ. ನಾನು ಅಳುತ್ತಲೇ ಅವತ್ತೇ ಮಣ್ಣು ಮಾಡಿಬಿಟ್ಟೆ, ಕಾರಣ ಇವತ್ತಿಗೂ ಗೊತ್ತಾಗಲಿಲ್ಲ.